ಬೋಜಾ ಇಳಿಸುವ ಕಸುಬು

ಪಹಣಿಯ 11ನೆಯ ಕಾಲಮ್ಮನ್ನು ಮನೆಯವರು ಸಾಮಾನ್ಯವಾಗಿ ಓದುವುದಿಲ್ಲ. 9ನೆಯ ಕಾಲಮ್ಮಿನಲ್ಲಿ ಅಪ್ಪನ ಹೆಸರೋ ತಮ್ಮ ಹೆಸರೋ ಸರಿಯಾಗಿದೆಯೇ ಎಂದು ನೋಡುತ್ತಾರೆ, ಎಕರೆ-ಗುಂಟೆ ತಾಳೆ ಹಾಕುತ್ತಾರೆ, ಮಡಚಿ ಇಡುತ್ತಾರೆ. ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳುವಾಗಲೋ, ಹೊಸ ಬೆಳೆಸಾಲಕ್ಕೆ ಅರ್ಜಿ ಹಾಕಿದಾಗಲೋ, ಹೊಲ ಮಾರಲು ಸಂಚಕಾರ ಪಡೆದ ಮೇಲೋ ಆ ಕಾಲಮ್ಮಿನ ಒಂದು ಸಾಲು ಕಣ್ಣಿಗೆ ಬೀಳುತ್ತದೆ: ಇಂಥ ಬ್ಯಾಂಕಿನ ಬೋಜಾ (ಸಾಲದ ಋಣಭಾರ), ಇಷ್ಟು ರೂಪಾಯಿ, ಇಂಥ ಎಂ.ಆರ್. (ಹಕ್ಕು ಬದಲಾವಣೆ) ನಂಬರು. ಸಾಲ ಮಾಡಿದವರು ತೀರಿಕೊಂಡು ವರ್ಷಗಳಾಗಿವೆ. ಸಾಲ ಮುಟ್ಟಿಸಿದ್ದು ಮನೆಯ ಹಿರಿಯರಿಗೆ ನೆನಪಿದೆ. ಬ್ಯಾಂಕಿಗೆ ಹೋದರೆ ಒಂದು ಮೇಜಿನವರು ‘ಇದು ನಮ್ಮ ಕಂಪ್ಯೂಟರಿನಾಗ ಇಲ್ರಿ’ ಅನ್ನುತ್ತಾರೆ, ಇನ್ನೊಂದು ಮೇಜಿನವರು ‘ಬಾಕಿ ಇದ್ರ ಇರಬೇಕ್ರಿ, ಇಲ್ಲಾಂದ್ರ ಬೋಜಾ ಯಾಕ ಉಳೀತಿತ್ತು’ ಅನ್ನುತ್ತಾರೆ. ಇಲ್ಲದ ಲೆಕ್ಕಕ್ಕೆ ‘ಬಾಕಿ ಇಲ್ಲ’ ಎನ್ನುವ ಬೇಬಾಕಿ ಪತ್ರ ಕೊಡಲಾಗದು, ಉಳಿದ ಬೋಜಾವನ್ನು ತೆಗೆಯಲೂ ಆಗದು. ಮನೆಯವರು ಈ ಎರಡು ಮಾತಿನ ನಡುವೆ ಸಿಕ್ಕಿಬೀಳುತ್ತಾರೆ.

ಈ ಸಿಕ್ಕನ್ನು ಬಿಡಿಸಬಲ್ಲವರು ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದಾರೆ. ಅವರಲ್ಲಿ ಕೆಲವರು ವಕೀಲರು, ಕೆಲವರು ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಕೆಲವರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರಿಕೆ ಮಾಡಿ ಮನೆಗೆ ಬಂದವರು, ಇನ್ನು ಕೆಲವರು ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತು ದಸ್ತಾವೇಜು ಬರೆಯುತ್ತ ಬಂದ ಬಾಂಡ್ ರೈಟರುಗಳು. ಈ ಕೆಲಸಕ್ಕೆ ಬೇರೆ ಪದವಿಯೂ ಇಲ್ಲ, ಬೋರ್ಡೂ ಇಲ್ಲ. ಆದರೆ ಇದೊಂದು ಕಸುಬು, ಬಹಳ ಸೂಕ್ಷ್ಮವಾದ ಕಸುಬು. ನ್ಯಾಯಾಲಯದಲ್ಲಿ ಜೋರಾಗಿ ವಾದಿಸುವವರಿಗೆ ಸಿಗುವ ಹೆಸರು ಇವರಿಗೆ ಸಿಗುವುದಿಲ್ಲ. ಇವರ ಕೆಲಸ ಚೆನ್ನಾಗಿ ನಡೆದರೆ ನ್ಯಾಯಾಲಯದ ಮೆಟ್ಟಿಲೇ ಹತ್ತಬೇಕಾಗುವುದಿಲ್ಲ.

ಅವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಸಾಲನ್ನು ಯಾರು ಬರೆದರು, ಯಾವಾಗ ಬರೆದರು, ಯಾವ ಕಾಗದ ನೋಡಿ ಬರೆದರು? ಇಂದು ಕೈಗೆ ಬರುವ ಪಹಣಿ ಕಂಪ್ಯೂಟರಿನದು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಇಳಿಸಲಾಯಿತು. ಕೈಬರಹದ ಪಹಣಿಯಲ್ಲಿ ಆ ಸಾಲು ಇದ್ದುದರಿಂದ ಕಂಪ್ಯೂಟರಿನಲ್ಲೂ ಇದೆ. ಕೈಬರಹದ ಪಹಣಿಗೆ ಅದು ಬಂದದ್ದು ಹಕ್ಕು ಬದಲಾವಣೆಯ ವಹಿಯಿಂದ, ಆ ವಹಿಗೆ ಬಂದದ್ದು ಬ್ಯಾಂಕು ತಹಶೀಲ್ದಾರರಿಗೆ ಕಳಿಸಿದ ಪತ್ರದಿಂದ. ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದ ಈ ಸರಪಳಿಯ ತುದಿಯವರೆಗೆ ಹೋದರೆ ತಕರಾರಿನ ಅರ್ಧ ಪಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಮ್ಮೊಮ್ಮೆ ಕೈಬರಹದ ಹಾಳೆಯಲ್ಲಿ ಬೋಜಾ ಕಮಿ ಮಾಡಿದ ಷರಾ ಕೆಂಪು ಶಾಯಿಯಲ್ಲಿ ಇದ್ದೇ ಇರುತ್ತದೆ, ಕಂಪ್ಯೂಟರಿಗೆ ಇಳಿಸಿದವರು ಸಾಲನ್ನು ತೆಗೆದುಕೊಂಡು ಷರಾ ಬಿಟ್ಟಿರುತ್ತಾರೆ. ಆಗ ಬ್ಯಾಂಕಿನ ಬಳಿ ಹೋಗುವ ಅಗತ್ಯವೇ ಇಲ್ಲ. ಹಳೆಯ ಹಾಳೆಯ ದೃಢೀಕೃತ ನಕಲು ತೆಗೆಸಿ ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಟ್ಟರೆ ಸಾಕು.

ಹೀಗೆ ಹಿಂದೆ ಹೋಗುವಾಗ ಮೊದಲು ಎದುರಾಗುವುದು ಹೆಸರಿನ ತೊಡಕು. ಪಹಣಿಯ ಮೇಲಿರುವ ಹೆಸರಿನ ಬ್ಯಾಂಕು ಇಂದು ಊರಲ್ಲೇ ಇರುವುದಿಲ್ಲ. ಧಾರವಾಡದ್ದೇ ಆದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಇತರ ಮೂರು ಗ್ರಾಮೀಣ ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದೂ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ಸೇರಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತ್ತು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕನ್ನು. ವೈಶ್ಯ ಬ್ಯಾಂಕು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರಾ ಆಯಿತು. ಮನೆಸಾಲ ಕೊಡುತ್ತಿದ್ದ ಎಚ್‌ಡಿಎಫ್‌ಸಿ ಲಿಮಿಟೆಡ್ 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ಬೆರೆಯಿತು. ಭೂ ಅಡಮಾನ ಬ್ಯಾಂಕುಗಳು ಭೂ ಅಭಿವೃದ್ಧಿ ಬ್ಯಾಂಕುಗಳಾಗಿ, ಆಮೇಲೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕುಗಳಾದವು. ಜನ ಈಗಲೂ ಪಿ.ಎಲ್.ಡಿ. ಬ್ಯಾಂಕ್ ಎಂದೇ ಕರೆಯುತ್ತಾರೆ.

ಈ ವಂಶಾವಳಿ ಈ ಕಸುಬಿನವರ ಬಾಯಲ್ಲೇ ಇರುತ್ತದೆ. ವಿಲೀನದ ಆದೇಶದಲ್ಲಿ ಹಳೆಯ ಬ್ಯಾಂಕಿನ ಆಸ್ತಿ, ಹಕ್ಕು, ಹೊಣೆ ಎಲ್ಲವೂ ಹೊಸದಕ್ಕೆ ಬಂದಿರುತ್ತವೆ. ಬಾಕಿ ಕೇಳುವ ಹಕ್ಕು ಬಂದಂತೆ ಕಾಗದ ಮರಳಿಸುವ ಹೊಣೆಯೂ ಬಂದಿರುತ್ತದೆ. ಆದ್ದರಿಂದ ‘ಅದು ನಮ್ಮ ಬ್ಯಾಂಕು ಆಗಿರಲಿಲ್ಲ’ ಎಂಬ ಉತ್ತರವನ್ನು ಅವರು ಒಪ್ಪುವುದಿಲ್ಲ. ಜಗಳಕ್ಕೆ ಇಳಿಯುವುದೂ ಇಲ್ಲ. ವಿಲೀನದ ದಿನಾಂಕವನ್ನು ಅರ್ಜಿಯ ಮೊದಲ ವಾಕ್ಯದಲ್ಲೇ ಬರೆದುಬಿಡುತ್ತಾರೆ, ಆ ಮಾತಿಗೆ ಆಸ್ಪದವೇ ಉಳಿಯದಂತೆ.

ನೆಲದ ಗುರುತೂ ಹೀಗೆಯೇ ಹೆಸರು ಬದಲಿಸಿಕೊಂಡಿರುತ್ತದೆ. ಹಳೆಯ ಗಹಾಣ (ಅಡಮಾನ) ಪತ್ರದಲ್ಲಿ ರಿ.ಸ. (ಸರ್ವೆ) ನಂಬರು ಇರುತ್ತದೆ. ತುಂಡು ಜಮೀನುಗಳ ಒಟ್ಟುಗೂಡಿಕೆ ನಡೆದ ಹಳ್ಳಿಗಳ ಪಹಣಿಯಲ್ಲಿ ಬ್ಲಾಕ್ ನಂಬರು ಬಂದಿದೆ. ಆಮೇಲೆ ವಾಟ್ನಿಯಾಗಿ ಅದಕ್ಕೆ ಹಿಸ್ಸೆ ಸೇರಿದೆ. ಹುಬ್ಬಳ್ಳಿಯ ಹಳೆಯ ಓಣಿಗಳ ಮನೆಗಳಿಗೆ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರು ಒಂದು, ಮಹಾನಗರ ಪಾಲಿಕೆಯ ಆಸ್ತಿ ನಂಬರು ಇನ್ನೊಂದು. ಊರು ಬೆಳೆದು ಹೊಲ ಎನ್‌.ಎ. (ಕೃಷಿಯೇತರ) ಆಗಿ ಪ್ಲಾಟುಗಳಾದಾಗ ಹಳೆಯ ಹೊಲದ ಮೇಲಿನ ಬೋಜಾ ಆ ಎಲ್ಲ ಪ್ಲಾಟುಗಳಿಗೂ ಹಂಚಿಕೊಂಡು ನಿಂತಿರುವ ಸಂದರ್ಭಗಳೂ ಉಂಟು. ನಂಬರು ನಂಬಲಾಗದಾಗ ಅವರು ಚಕಬಂದಿಗೆ ಹೋಗುತ್ತಾರೆ: ಮೂಡಲಿಗೆ ಯಾರ ಹೊಲ, ತೆಂಕಲಿಗೆ ಯಾವ ಹಳ್ಳ, ಬಡಗಲಿಗೆ ಯಾವ ಊರಿನ ದಾರಿ. ಹಳ್ಳವೂ ದಾರಿಯೂ ನಂಬರಿನಷ್ಟು ಬೇಗ ಬದಲಾಗುವುದಿಲ್ಲ. ತೀರ ಹಳೆಯ ಕಾಗದವಾದರೆ ಅದು ಮೋಡಿ ಲಿಪಿಯಲ್ಲೂ ಇರಬಹುದು, ಆಕಾರ ಆಣೆ-ಪೈಗಳಲ್ಲಿ ಇರಬಹುದು. ಮೋಡಿ ಓದುವವರು ಈ ಭಾಗದಲ್ಲಿ ಈಗ ವಿರಳ. ಅವರನ್ನು ಹುಡುಕಿಕೊಂಡು ಹೋಗುವುದೂ ಈ ಕೆಲಸದ ಒಂದು ಭಾಗ.

ಇಲ್ಲಿಂದ ಮುಂದೆ ಕಸುಬಿನ ನಡುಮನೆ ಬರುತ್ತದೆ. ಒಂದೇ ಸಾಲವನ್ನು ಮೂರು ಕಡೆಯವರು ಬರೆದಿಟ್ಟಿರುತ್ತಾರೆ: ಸರಕಾರ, ಸಾಲ ಕೊಟ್ಟವರು, ಮನೆಯವರು. ಮೂವರೂ ಒಂದೇ ವಿಷಯವನ್ನು ಬರೆದಿರುವುದಿಲ್ಲ. ಯಾರಿಗೆ ಏನು ಬರೆಯುವ ಕರ್ತವ್ಯವಿತ್ತು ಎಂಬುದು ಗೊತ್ತಿದ್ದವರಿಗೆ ಮಾತ್ರ ಎಲ್ಲಿ ಏನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.

ಸರಕಾರದ ಬರಹವೇ ಎರಡು ಬಗೆಯದು: ಮೇಲೆ ಹೇಳಿದ ಪಹಣಿ-ವಹಿಗಳು ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳು ಇನ್ನೊಂದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿಯ ದಸ್ತಾವೇಜುಗಳು 1ನೆಯ ಪುಸ್ತಕದಲ್ಲಿ ದಾಖಲಾಗುತ್ತವೆ. ಜನರ ಹೆಸರಿನ ಮೇಲೆ ಒಂದು ಸೂಚಿ, ಆಸ್ತಿಯ ಮೇಲೆ ಇನ್ನೊಂದು ಸೂಚಿ. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನ ಪ್ರಕಾರ ಶುಲ್ಕ ಕಟ್ಟಿ ಯಾರಾದರೂ 1ನೆಯ ಪುಸ್ತಕ ನೋಡಬಹುದು, ನಕಲು ಪಡೆಯಬಹುದು. ಈ ಸೂಚಿಗಳಿಂದ ತೆಗೆದ ಪಟ್ಟಿಯೇ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಕಂಪ್ಯೂಟರಿನ ಇ.ಸಿ. 2004ರಿಂದ ಈಚಿನದು. ಅದಕ್ಕೂ ಹಿಂದಿನದು ಬೇಕಾದರೆ ಕಚೇರಿಯಲ್ಲಿ ಕೈಯಾರೆ ಹುಡುಕಿಸಬೇಕು. ಆನ್‌ಲೈನ್ ಇ.ಸಿ.ಯಲ್ಲಿ ಏನೂ ಇಲ್ಲವೆಂದು ನಿಶ್ಚಿಂತರಾದವರು 1988ರ ಅಡಮಾನವನ್ನು ಕಂಡು ಬೆಚ್ಚುವುದು ಇದೇ ಕಾರಣಕ್ಕೆ.

ಇ.ಸಿ.ಗೂ ಕಾಣದ ಅಡಮಾನಗಳಿವೆ. ಆಸ್ತಿಯ ಅಸಲು ಕಾಗದಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದುಕೊಳ್ಳುವ ಬಗೆಯನ್ನು 1882ರ ಆಸ್ತಿ ಹಸ್ತಾಂತರ ಕಾಯಿದೆ ಒಪ್ಪುತ್ತದೆ. ಕಾಗದ ಕೈಯಿಂದ ಕೈಗೆ ಹೋದದ್ದೇ ಅಲ್ಲಿ ಅಡಮಾನ. ಹಳೆಯ ಕಾಲದಲ್ಲಿ ಇದರ ಗುರುತು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಉಳಿಯುತ್ತಿರಲಿಲ್ಲ. ಇಂಥವನ್ನು ದೇಶದ ಮಟ್ಟದಲ್ಲಿ ದಾಖಲಿಸುವ ಸೆರ್ಸಾಯಿ ನೋಂದಣಿ ಶುರುವಾದದ್ದು 2011ರಲ್ಲಿ. ಹೊಲದ ಮಾತು ಬೇರೆ. 1974ರ ಕರ್ನಾಟಕ ಕೃಷಿ ಸಾಲ ಕಾಯಿದೆಯಲ್ಲಿ ರೈತ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿದರೆ ಹೊಲದ ಮೇಲೆ ಬ್ಯಾಂಕಿನ ಋಣ ಕೂರುತ್ತದೆ, ಬೇರೆ ಗಹಾಣ ಪತ್ರ ಬೇಕಿಲ್ಲ. ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿಯೇ ಇರಲಿಲ್ಲ, ಹೊಲ ಅಡವು ಹೇಗಾಯಿತು ಎಂದು ಮಕ್ಕಳು ಕೇಳುವುದು ಸಹಜ. ಉತ್ತರ ಈ ಘೋಷಣಾ ಪತ್ರದಲ್ಲಿರುತ್ತದೆ.

ಸಾಲ ಕೊಟ್ಟವರ ಬರಹದ ಸ್ವಭಾವ ಇದಕ್ಕೆ ಪೂರ್ತಿ ಬೇರೆ. ಸರಕಾರದ ಪುಸ್ತಕ ಬಹುಕಾಲ ಉಳಿಯುತ್ತದೆ, ಬ್ಯಾಂಕಿನ ಲೆಡ್ಜರು ಉಳಿಯಬೇಕೆಂದಿಲ್ಲ. 1985ರ ನಿಯಮಗಳ ಪ್ರಕಾರ ಬ್ಯಾಂಕುಗಳು ತಮ್ಮ ದಾಖಲೆಗಳಲ್ಲಿ ಕೆಲವನ್ನು ಕನಿಷ್ಠ 5 ವರ್ಷ, ಲೆಡ್ಜರಿನಂಥವನ್ನು ಕನಿಷ್ಠ 8 ವರ್ಷ ಇಟ್ಟುಕೊಂಡರಾಯಿತು. ಅಡಮಾನ ಬಿಡಿಸಿಕೊಳ್ಳಲು ದಾವೆ ಹೂಡುವ ಅವಧಿಯೋ 30 ವರ್ಷ. ಈ 8 ಮತ್ತು 30ರ ನಡುವಿನ ಕಂದರದಲ್ಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ. ಕೈಬರಹದ ಲೆಡ್ಜರಿನಿಂದ ಕಂಪ್ಯೂಟರಿಗೆ ಖಾತೆ ಸಾಗಿಸುವಾಗ ಮುಗಿದ ಖಾತೆಗಳನ್ನು ಏರಿಸಿರುವುದಿಲ್ಲ. ಮುಗಿಯದ ಖಾತೆಗಳಲ್ಲೂ ಆರಂಭದ ಬಾಕಿ ಎಂದು ಒಂದೇ ಅಂಕಿ ಏರಿಸಿರುತ್ತಾರೆ, ಅದು ಹೇಗೆ ಬಂತೆಂಬ ವಿವರ ಹಳೆಯ ಪುಸ್ತಕದಲ್ಲೇ ಉಳಿದಿರುತ್ತದೆ. ಆ ಒಂಟಿ ಅಂಕಿಯ ಮೇಲೆ ಕೈಯಿಟ್ಟು ‘ಇದರ ಹಿಂದಿನ ಪುಟ ತೋರಿಸ್ರಿ’ ಅನ್ನುವುದು ಬಲ್ಲವರ ಮೊದಲ ಪಟ್ಟು. ವ್ಯವಹಾರದ ಕ್ರಮದಲ್ಲಿ ಬರೆದ ಲೆಕ್ಕದ ಪುಸ್ತಕ ಸಾಕ್ಷ್ಯವಾಗುತ್ತದೆ, ನಿಜ. ಆದರೆ ಅಷ್ಟರಿಂದಲೇ ಯಾರ ಮೇಲೂ ಸಾಲದ ಹೊಣೆ ಹೊರಿಸಲಾಗದು ಎಂದು ಸಾಕ್ಷ್ಯ ಕಾಯಿದೆ ಹೇಳುತ್ತಲೇ ಬಂದಿದೆ.

ಪುಸ್ತಕ ಸಿಕ್ಕಾಗ ಲೆಕ್ಕದ ಕೆಲಸ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಧಾರವಾಡ ತಾಲ್ಲೂಕಿನ ಎಂಟು ಎಕರೆ ಎರಿ ಹೊಲ, ಬಾವಿ ತೋಡಿಸಿ ಪಂಪ್‌ಸೆಟ್ ಕೂಡಿಸಲು 1988ರಲ್ಲಿ 20,000 ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ. ಏನೂ ಕಟ್ಟದೆ ಹತ್ತು ವರ್ಷ ಕಳೆದಿದ್ದರೆ ಸರಳ ಬಡ್ಡಿಯಲ್ಲಿ ಒಟ್ಟು 44,000 ರೂಪಾಯಿ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ಸುಮಾರು 62,117. ಮೂರು ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 65,241. ಬಡ್ಡಿಯ ದರ ಮೂರರಲ್ಲೂ ಒಂದೇ, ಬದಲಾದದ್ದು ಸೇರಿಸುವ ಅವಧಿ ಮಾತ್ರ. ಕೃಷಿಸಾಲಕ್ಕೆ ಮೂರು ತಿಂಗಳು, ಆರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುವಂತಿಲ್ಲ, ರೈತನ ಕೈಗೆ ದುಡ್ಡು ಬರುವುದು ಸುಗ್ಗಿಯಲ್ಲಿ ಎಂಬ ಮಾತನ್ನು ಸುಪ್ರೀಂ ಕೋರ್ಟು 1994ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಎತ್ತಿಹಿಡಿಯಿತು, 2001ರಲ್ಲಿ ಸಂವಿಧಾನ ಪೀಠವೂ ಅದನ್ನು ಮತ್ತೆ ಹೇಳಿತು. ಆದ್ದರಿಂದ ಲೆಡ್ಜರಿನ ಹಾಳೆ ಸಿಕ್ಕ ಕೂಡಲೇ ಅನುಭವಿಗಳ ಕಣ್ಣು ಮೊತ್ತದ ಮೇಲೆ ಹೋಗುವುದಿಲ್ಲ, ಬಡ್ಡಿ ಬಿದ್ದ ತಾರೀಖುಗಳ ಮೇಲೆ ಹೋಗುತ್ತದೆ. ಮಾರ್ಚಿಗೆ ಮಾತ್ರ ಬಿದ್ದಿದೆಯೋ, ಜೂನ್, ಸೆಪ್ಟೆಂಬರಿಗೂ ಬಿದ್ದಿದೆಯೋ? ಅದಾದ ಮೇಲೆ ವಿಮೆಯ ಕಂತು, ನೋಟಿಸಿನ ಖರ್ಚು, ದಂಡಬಡ್ಡಿ. ಪ್ರತಿಯೊಂದಕ್ಕೂ ಒಂದು ಒಪ್ಪಿಗೆಯೋ ಒಂದು ಚೀಟಿಯೋ ಇರಲೇಬೇಕು. ಕಟ್ಟಿದ ದುಡ್ಡು ಸಾಲದ ಖಾತೆಗೆ ಸೇರದೆ ಸಸ್ಪೆನ್ಸ್ ಖಾತೆಯಲ್ಲಿ ಕೂತಿರುವುದನ್ನೂ ಅವರು ಹುಡುಕಿ ತೆಗೆಯುತ್ತಾರೆ.

ಮೂರನೆಯದು ಮನೆಯ ಟ್ರಂಕು. ಇದಕ್ಕೆ ಕ್ರಮವಿಲ್ಲ, ಸೂಚಿಯಿಲ್ಲ. ಆದರೆ ಉಳಿದಿಬ್ಬರು ಕಳೆದುಕೊಂಡದ್ದು ಇಲ್ಲಿ ಸಿಗುತ್ತದೆ. ಕಂತು ತುಂಬಿದ ಪಾವತಿ, ಪಾಸ್‌ಬುಕ್ಕು, ವಸೂಲಿ ಅಧಿಕಾರಿ ಹಳ್ಳಿಗೆ ಬಂದಾಗ ಹರಿದು ಕೊಟ್ಟ ಹಳದಿ ಚೀಟಿ, ಹತ್ತಿ ಮಾರಿದ ಪಟ್ಟಿ. ಹತ್ತಿಯ ಪಟ್ಟಿಗೂ ಸಾಲಕ್ಕೂ ಏನು ಸಂಬಂಧ ಎನಿಸಬಹುದು. ಹಿಂದೆ ಎಷ್ಟೋ ಸಾಲಗಳ ಕಂತು ಮಾಲು ಮಾರಿದ ಕಡೆಯಲ್ಲೇ ಮುರಿದುಕೊಳ್ಳಲಾಗುತ್ತಿತ್ತು. ಪಟ್ಟಿಯ ಕೆಳಗಿನ ‘ಬ್ಯಾಂಕ್ ವಜಾ’ ಎಂಬ ಒಂದು ಸಾಲು ಒಂದು ಇಡೀ ವರ್ಷದ ಕಂತನ್ನು ಎತ್ತಿ ನಿಲ್ಲಿಸಬಲ್ಲದು. ಹುಬ್ಬಳ್ಳಿಯ ಅಡತಿ ಅಂಗಡಿಗಳಲ್ಲಿ ಕೀರ್ದಿ-ಖತಾವಣಿ ಬರೆದು ದೀಪಾವಳಿಗೆ ವಹಿ ಪೂಜೆ ಮಾಡಿ ಹೊಸ ಲೆಕ್ಕ ತೆರೆಯುವ ರೂಢಿ ಬಹಳ ಹಳೆಯದು. ದಿನದ ಕೀರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಆ ಶಿಸ್ತನ್ನು ಕಂಡವರಿಗೆ ಪಟ್ಟಿಯ ತಾರೀಖು ಹಿಡಿದು ಬ್ಯಾಂಕಿನ ದಿನವಹಿಯಲ್ಲಿ ಅದೇ ಮೊತ್ತ ಹುಡುಕುವುದು ಕಷ್ಟವಾಗುವುದಿಲ್ಲ.

ಈಗ ಮೂರನ್ನೂ ಎದುರುಬದುರು ಇಡಬೇಕು. ಅವರು ಉದ್ದ ಹಾಳೆಯೊಂದರ ಮೇಲೆ ಗೆರೆ ಎಳೆದು ತಾರೀಖುಗಳನ್ನು ಎಡಗಡೆ ಇಳಿಸುತ್ತ ಹೋಗುತ್ತಾರೆ. ಸಾಲ ಮಂಜೂರಾದ ದಿನ, ಘೋಷಣಾ ಪತ್ರದ ದಿನ, ಎಂ.ಆರ್. ಆದ ದಿನ, ಒಂದೊಂದು ಕಂತಿನ ದಿನ. ಎದುರಿಗೆ ಬ್ಯಾಂಕಿನದು ಒಂದು ಮನೆ, ಸರಕಾರದ್ದು ಒಂದು, ಕುಟುಂಬದ್ದು ಒಂದು. ಎಲ್ಲೆಲ್ಲಿ ಎರಡು ಮನೆ ತುಂಬಿ ಒಂದು ಖಾಲಿ ಉಳಿಯಿತೋ ಅಲ್ಲಿ ಪೆನ್ಸಿಲಿನ ಗುರುತು. ಈ ಹಾಳೆ ತಯಾರಾಗುವುದನ್ನು ಪಕ್ಕದಲ್ಲಿ ಕೂತು ನೋಡುವುದು ನನಗೆ ಬಹಳ ಮೆಚ್ಚಿನ ಸಂಗತಿ. ಬರುವಾಗ ಸಿಟ್ಟಿನಲ್ಲಿದ್ದ ಅಣ್ಣತಮ್ಮಂದಿರು ತಾರೀಖುಗಳನ್ನು ನೆನಪು ಮಾಡಿಕೊಳ್ಳುತ್ತ ಒಬ್ಬರಿಗೊಬ್ಬರು ನೆರವಾಗತೊಡಗುತ್ತಾರೆ. ‘ಅಕ್ಕನ ಲಗ್ನದ ವರ್ಷ ಎರಡು ಕಂತು ಕೂಡಿ ತುಂಬಿದ್ದಿಲ್ಲೇನೋ ತಮ್ಮಾ’ ಎಂದು ಅಣ್ಣ ಕೇಳಿದರೆ, ಆ ವರ್ಷದ ಲಗ್ನಪತ್ರಿಕೆಯಿಂದ ಇಸವಿ ಖಚಿತವಾಗುತ್ತದೆ, ಇಸವಿಯಿಂದ ಪಾವತಿ ಸಿಗುತ್ತದೆ.

ಲೆಕ್ಕವನ್ನು ಮೊದಲಿನಿಂದ ಬಿಚ್ಚಿ ನೋಡುವ ಈ ಪದ್ಧತಿಗೆ ನಮ್ಮ ಭಾಗದಲ್ಲಿ ಕಾನೂನಿನ ಬೇರೇ ಇದೆ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ಎದ್ದಾಗ ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಲೆಕ್ಕದ ವಹಿಗಳನ್ನು. ತಾವು ಓದಲಾರದ ಕಾಗದ ತಮ್ಮ ಹೊಲ ತೆಗೆದುಕೊಳ್ಳುತ್ತಿದೆ ಎಂಬುದು ಅವರಿಗೆ ತಿಳಿದಿತ್ತು. ಆ ದಂಗೆಯ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು, ಮುಂದೆ ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತದ ಇತರ ಜಿಲ್ಲೆಗಳಿಗೂ ಹಬ್ಬಿತು. ಆ ಕಾಯಿದೆ ನ್ಯಾಯಾಧೀಶರಿಗೆ ಒಂದು ಕೆಲಸ ಹಚ್ಚಿತು: ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೇ ನಂಬಬೇಡಿ, ವ್ಯವಹಾರ ಶುರುವಾದ ದಿನದಿಂದ ಇತಿಹಾಸ ವಿಚಾರಿಸಿ, ಅಸಲು ಬೇರೆ ಬಡ್ಡಿ ಬೇರೆ ಮಾಡಿ ಲೆಕ್ಕ ಹಾಕಿ. ಖರೀದಿ ಎಂದು ಬರೆಸಿಕೊಂಡದ್ದು ನಿಜದಲ್ಲಿ ಗಹಾಣವಾಗಿತ್ತೆಂದು ಬಾಯಿಮಾತಿನ ಸಾಕ್ಷಿಯಿಂದ ತೋರಿಸಲೂ ಅದು ಎಡೆ ಕೊಟ್ಟಿತು. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮ ಹಿಂದಿನಿಂದಲೂ ಮುಂಬಯಿ ಪ್ರಾಂತದಲ್ಲಿ ನಡೆದುಬಂದಿತ್ತು. 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ ಕಾಲದ ಹಿನ್ನೆಲೆಯೂ ಇದೇ ಸಾಹುಕಾರಿ ಸಾಲ. ಮಾರವಾಡಿ ವಹಿಯೋ ಸಂಘದ ವಹಿಯೋ, ಸಾಲಗಾರನಿಗೆ ತನ್ನ ಖಾತೆಯ ಪುಟ ಓದಲು ಸಿಗಬೇಕು ಎಂಬ ಹಕ್ಕು ಇಲ್ಲಿ ಹೋರಾಡಿ ಪಡೆದದ್ದು. ಇಂದಿನವರು ಹಾಳೆಯ ಮೇಲೆ ಗೆರೆ ಎಳೆಯುವಾಗ ಆ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ ಎಂದು ನಾನು ನಂಬುತ್ತೇನೆ.

ಹಾಳೆ ಮುಗಿದ ಮೇಲೆ ಅರ್ಜಿ. ಇದರ ಬರವಣಿಗೆ ನೋಡಿಯೇ ಕಲಿಯಬೇಕು. ದೂರು, ಬೈಗುಳ, ಕುಟುಂಬದ ಕಷ್ಟ ಯಾವುದೂ ಅದರಲ್ಲಿ ಇರುವುದಿಲ್ಲ. ಆಸ್ತಿಯ ಗುರುತು, ಸಾಲದ ನಂಬರು, ತಾರೀಖುಗಳು, ಲಗತ್ತಿಸಿದ ನಕಲುಗಳು, ಕೊನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳು. ಈ ಖಾತೆಯ ಲೆಡ್ಜರು ನಿಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ಯಾವ ದಿನ ನಾಶಪಡಿಸಲಾಯಿತು? ಅಸಲು ಕಾಗದಗಳು ನಿಮ್ಮಲ್ಲಿ ಇವೆಯೇ? ಅಡಮಾನ ಬಿಡಿಸಿಕೊಳ್ಳುವ ಹಕ್ಕು ಇರುವವರೆಗೆ ಸಾಲಗಾರ ತನ್ನ ಆಸ್ತಿಯ ಕಾಗದಗಳನ್ನು ನೋಡಬಹುದು, ನಕಲು ಮಾಡಿಕೊಳ್ಳಬಹುದು ಎಂದು ಆಸ್ತಿ ಹಸ್ತಾಂತರ ಕಾಯಿದೆಯ 60-ಬಿ ಕಲಮು ಹೇಳುತ್ತದೆ. ಹೊಲವೇ ಸಾಲ ಕೊಟ್ಟವರ ಕಬಜೆಯಲ್ಲಿದ್ದರೆ ಅವರು ಬಂದದ್ದು ಹೋದದ್ದರ ಪೂರ್ತಿ ಲೆಕ್ಕ ಇಡಬೇಕು ಎಂದು 76ನೆಯ ಕಲಮು ಹೇಳುತ್ತದೆ. ಈ ಕಲಮುಗಳನ್ನು ಅರ್ಜಿಯಲ್ಲಿ ಒಂದೇ ಸಾಲಿನಲ್ಲಿ ನೆನಪಿಸುತ್ತಾರೆ, ಬೆದರಿಕೆಯ ದನಿಯಿಲ್ಲದೆ. ಒಂದು ಪ್ರತಿಯ ಮೇಲೆ ಬ್ಯಾಂಕಿನ ಶಿಕ್ಕೆ ಮತ್ತು ತಾರೀಖು ಹಾಕಿಸಿಕೊಳ್ಳುವುದು ಕಡ್ಡಾಯ. ಮುಂದಿನ ಎಲ್ಲ ಮುದ್ದತುಗಳು ಆ ಶಿಕ್ಕೆಯ ದಿನದಿಂದಲೇ ಎಣಿಕೆಯಾಗುತ್ತವೆ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರಿಂದ ಇದಕ್ಕೊಂದು ಏಕೀಕೃತ ವ್ಯವಸ್ಥೆ ಇದೆ, ಶುಲ್ಕವಿಲ್ಲ. ಸಹಕಾರಿ ಸಂಘದೊಡನೆ ತಕರಾರಾದರೆ ದಾರಿ ಬೇರೆ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೆಯ ಕಲಮಿನಡಿ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕು. ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸೂಚನೆಯನ್ನು ಈಗ ಎಲ್ಲರೂ ಉಲ್ಲೇಖಿಸುತ್ತಾರೆ: ವ್ಯಕ್ತಿಗಳ ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಕಾಗದ ಮರಳಿಸಿ ನೋಂದಾಯಿತ ಋಣ ತೆಗೆಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಗದ ಕಳೆದುಹೋಗಿದ್ದರೆ ದೃಢೀಕೃತ ನಕಲು ಪಡೆಯಲು ಬ್ಯಾಂಕೇ ನೆರವಾಗಿ ಖರ್ಚು ಭರಿಸಬೇಕು, ಅದಕ್ಕೆ ಇನ್ನೂ 30 ದಿನ. ಆದರೆ ಇದು ಅನ್ವಯಿಸುವುದು ಕಾಗದ ಮರಳಿಸುವ ದಿನ 2023ರ ಡಿಸೆಂಬರ್ 1 ಅಥವಾ ಆಮೇಲೆ ಬೀಳುವ ಸಾಲಗಳಿಗೆ. 1996ರಲ್ಲಿ ತೀರಿದ ಸಾಲಕ್ಕೆ ದಿನಕ್ಕೆ ಐದು ಸಾವಿರದಂತೆ ಗುಣಿಸಿ ಕನಸು ಕಟ್ಟಿಕೊಂಡು ಬರುವವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡುವುದು ಪ್ರಾಮಾಣಿಕ ಸಲಹೆಗಾರನ ಗುರುತು.

ಇನ್ನೊಂದು ಎಚ್ಚರಿಕೆಯನ್ನು ಅವರು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ: ಓದದೆ ಸಹಿ ಮಾಡಬೇಡಿ. ಅಡಮಾನದ ಹಣಕ್ಕಾಗಿ ಸಾಲ ಕೊಟ್ಟವರು ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಡುವ ಅವಧಿ 12 ವರ್ಷ. ಅದರೊಳಗೆ ಸಾಲಗಾರ ಬಾಕಿ ಇದೆಯೆಂದು ಬರೆದು ಸಹಿ ಮಾಡಿದರೆ ಆ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ ಕೊಡುತ್ತೇನೆಂದು ಬರೆದುಕೊಟ್ಟರೆ ಕರಾರು ಕಾಯಿದೆಯ 25ನೆಯ ಕಲಮಿನಲ್ಲಿ ಅದು ಹೊಸ ಕರಾರಾಗುತ್ತದೆ. ‘ಒಂದು ಸಹಿ ಮಾಡ್ರಿ ಯಜಮಾನ್ರ, ಫೈಲು ಮುಂದ ಹೋಗ್ತದ’ ಎಂದು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಫಾರ್ಮಿನಲ್ಲಿ ಈ ಒಪ್ಪಿಗೆ ಅಡಗಿರಬಹುದು. ಹಾಗೆಂದು ಹನ್ನೆರಡು ವರ್ಷ ಮುಗಿದೊಡನೆ ಪಹಣಿಯ ಸಾಲು ತಾನಾಗಿ ಅಳಿಯುವುದಿಲ್ಲ. ನಮ್ಮ ಉದಾಹರಣೆಯ ಸಾಲದ ಕೊನೆಯ ಕಂತು 1997ಕ್ಕೆ ಇತ್ತೆನ್ನೋಣ. ನಡುವೆ ಒಪ್ಪಿಗೆ ಪತ್ರವಿಲ್ಲದಿದ್ದರೆ ಬ್ಯಾಂಕಿನ ದಾವೆಯ ಅವಧಿ 2009ಕ್ಕೆ ಮುಗಿಯಿತು, ಮನೆಯವರು ಅಡಮಾನ ಬಿಡಿಸಿಕೊಳ್ಳುವ ದಾವೆಯ ಅವಧಿ 2027ರವರೆಗೆ ಇದೆ. ಭೋಗ್ಯಕ್ಕೆ ಕೊಟ್ಟ ಹೊಲದ ಲೆಕ್ಕ ಇನ್ನೂ ಬೇರೆ: ಅಲ್ಲಿ ಗಹಾಣದ ತಾರೀಖಿನಿಂದ 30 ವರ್ಷ ಎಣಿಸುವಂತಿಲ್ಲ, ಸಾಲ ತೀರಿದಂದಿನಿಂದ ಎಣಿಸಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಮಾನಿಸಿದೆ. ಇನ್ನು, ಕೋರ್ಟಿಗೆ ಹೋಗದೆ ಬ್ಯಾಂಕೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯಿದೆಯ 60 ದಿನದ ನೋಟಿಸೇ ಬಂದಿದ್ದರೆ ತಡಮಾಡದೆ ಲಿಖಿತ ಆಕ್ಷೇಪಣೆ ಕೊಡಬೇಕು, ಬ್ಯಾಂಕು 15 ದಿನದಲ್ಲಿ ಕಾರಣ ಸಹಿತ ಉತ್ತರಿಸಬೇಕು. ಆ ಕಾಯಿದೆ ಕೃಷಿ ಜಮೀನನ್ನು ಮುಟ್ಟುವುದಿಲ್ಲ. ಮನೆ-ಪ್ಲಾಟಿನ ಮೇಲೆ ಕ್ರಮ ಶುರುವಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು, ಇಲ್ಲಿಯವರಿಗೆ ಅದು ಬೆಂಗಳೂರಿನ ದಾರಿ.

ಬ್ಯಾಂಕಿನ ಮೇಜಿನ ಆಚೆ ಕೂತವರ ಸ್ಥಿತಿಯನ್ನು ಅರಿಯುವುದು ಈ ಕಸುಬಿನ ದೊಡ್ಡ ಗುಣ. ಮೂವತ್ತು ವರ್ಷದ ಹಿಂದಿನ ಸಾಲದ ಬಗ್ಗೆ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಮ್ಯಾನೇಜರಿಗೆ ಏನೂ ಗೊತ್ತಿರುವುದಿಲ್ಲ. ಆಧಾರವಿಲ್ಲದೆ ಬೇಬಾಕಿ ಪತ್ರಕ್ಕೆ ಸಹಿ ಹಾಕಿದರೆ ನಾಳೆ ಲೆಕ್ಕ ತಪಾಸಣೆಯವರು ಅವರನ್ನೇ ಕೇಳುತ್ತಾರೆ. ಅವರ ಕೈಯಲ್ಲಿ ಆಧಾರ ಇಡುವುದೇ ನಮ್ಮ ಕೆಲಸ ಎಂದು ಬಲ್ಲವರು ತಿಳಿಯುತ್ತಾರೆ. ಮೂರು ಮನೆಗಳ ಹಾಳೆ, ಪಾವತಿಗಳ ನಕಲು, ವಾರಸಾ ದಾಖಲೆ, ಬೇಕಾದರೆ ವಾರಸುದಾರರೆಲ್ಲರ ಸಹಿಯ ನಷ್ಟಭರ್ತಿ ಮುಚ್ಚಳಿಕೆ, ಬೇಬಾಕಿ ಪತ್ರದ ಕರಡು ಕೂಡ. ಮೇಲಿನ ಕಚೇರಿಗೆ ಕಳಿಸಲು ಒಂದು ಟಿಪ್ಪಣಿ ಬೇಕಾದರೆ ಅದಕ್ಕೆ ಒದಗುವ ಸಾಲುಗಳು ಅರ್ಜಿಯಲ್ಲೇ ಇರುತ್ತವೆ. ‘ಸಾಹೇಬ್ರ, ನಿಮ್ಮ ಲೆಡ್ಜರು ಇಲ್ಲ ಅನ್ನೂದು ನಿಮ್ಮ ತಪ್ಪಲ್ರಿ, ಆದ್ರ ಅದು ಇವರ ತಪ್ಪೂ ಅಲ್ಲ’ ಎಂಬ ಧಾಟಿಯ ಮಾತು ಬಾಗಿಲು ತೆರೆಸುವಷ್ಟು ವಕೀಲರ ನೋಟಿಸು ತೆರೆಸುವುದಿಲ್ಲ. ನಿಜವಾಗಿಯೂ ಅಲ್ಪಸ್ವಲ್ಪ ಬಾಕಿ ಇದೆಯೆಂದು ಹಾಳೆಯಲ್ಲಿ ಕಂಡರೆ ಅದನ್ನು ಮನೆಯವರ ಮುಂದೆ ಮುಚ್ಚಿಡುವುದಿಲ್ಲ, ಲೋಕ ಅದಾಲತ್ತಿನಲ್ಲಿ ಕೂತು ಒಂದು ಮೊತ್ತಕ್ಕೆ ಮುಗಿಸಿಕೊಳ್ಳಲು ಹೇಳುತ್ತಾರೆ. ಅಲ್ಲಿಯ ತೀರ್ಪಿಗೆ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ.

ಬೇಬಾಕಿ ಪತ್ರ ಕೈಗೆ ಬಂದ ದಿನ ಬಹಳ ಮನೆಗಳಲ್ಲಿ ಕೆಲಸ ಮುಗಿಯಿತೆಂದು ತಿಳಿದು ಅದನ್ನು ಟ್ರಂಕಿಗೆ ಹಾಕಿಬಿಡುತ್ತಾರೆ. ಸಾಲ ಮಾಡಿ ತೀರಿಸಿದ ಅಪ್ಪನೂ ಅಂದು ಅದನ್ನೇ ಮಾಡಿದ್ದ. ಅಡಮಾನ ನೋಂದಣಿಯಾಗಿದ್ದರೆ ಬಿಡುಗಡೆ ಪತ್ರವೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಘೋಷಣಾ ಪತ್ರದ ಋಣವಾಗಿದ್ದರೆ ಬ್ಯಾಂಕಿನ ಪತ್ರ ತಹಶೀಲ್ದಾರರಿಗೆ ತಲುಪಿ ಬೋಜಾ ಕಮಿಯ ಎಂ.ಆರ್. ಆಗಬೇಕು. ಪಟ್ಟಣದ ಆಸ್ತಿಯಾದರೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡಿನಲ್ಲಿ, ಸೆರ್ಸಾಯಿಯಲ್ಲಿ ಇದ್ದರೆ ಅಲ್ಲಿಯೂ ತೆಗೆಸಬೇಕು. ಅಸಲು ಕಾಗದ ಮರಳಿ ಪಡೆಯುವಾಗ ಮಂಜೂರಾತಿಯ ವೇಳೆ ಕೊಟ್ಟ ಪಟ್ಟಿ ಹಿಡಿದು ಹಾಳೆ ಎಣಿಸಿಕೊಳ್ಳಬೇಕು. ಎಲ್ಲ ಆದ ಮೇಲೆ ಹೊಸ ಪಹಣಿ, ಹೊಸ ಇ.ಸಿ. ತೆಗೆಸಬೇಕು. ಪಹಣಿಯ 11ನೆಯ ಕಾಲಮ್ಮಿನಿಂದ ಆ ಸಾಲು ಹೋಗಿರುತ್ತದೆ. ನೋಂದಾಯಿತ ಅಡಮಾನವಾಗಿದ್ದರೆ ಇ.ಸಿ.ಯಿಂದ ಹೋಗಿರುವುದಿಲ್ಲ, ಹೋಗಲೂಬಾರದು. ಅಲ್ಲಿ ಗಹಾಣದ ನೋಂದಣಿಯೂ ಬಿಡುಗಡೆಯ ನೋಂದಣಿಯೂ ತಮ್ಮ ತಮ್ಮ ತಾರೀಖಿನೊಡನೆ ಇರುತ್ತವೆ. ಮೊದಲನೆಯದನ್ನು ಕಂಡು ಮತ್ತೆ ಗಾಬರಿಯಾಗುವವರಿಗೆ ಎರಡನೆಯ ನಮೂದು ತೋರಿಸಿ, ಅದರ ದಸ್ತಾವೇಜು ನಂಬರನ್ನು ಬೇಬಾಕಿ ಪತ್ರದ ಹಿಂಬದಿಗೆ ಬರೆಸಿ, ಅಣ್ಣತಮ್ಮಂದಿರು ಎಷ್ಟು ಜನವೋ ಅಷ್ಟು ದೃಢೀಕೃತ ನಕಲು ಮಾಡಿಸಿ ಹಂಚಿದ ಮೇಲೆಯೇ ಅವರು ಆ ಫೈಲಿಗೆ ದಾರ ಕಟ್ಟುವುದು.